ಟಿಕೆಟ್ ಅಗ್ಗ, ಸೀಟು ದುಬಾರಿ

ಹಬ್ಬ ಇನ್ನೂ ಎರಡು ತಿಂಗಳು ದೂರ ಇರುವಾಗಲೇ ಮತ್ತಿಕೆರೆಯ ಬಾಡಿಗೆ ಮನೆಗಳಲ್ಲಿ ಊರಿನ ಟಿಕೆಟ್ ಮಾತು ಶುರುವಾಗುತ್ತದೆ. ಹುಬ್ಬಳ್ಳಿ, ಗದಗ, ಹಾವೇರಿ, ಬೀದರ್, ಶಿವಮೊಗ್ಗ ಕಡೆಯಿಂದ ಓದಲೆಂದೋ ದುಡಿಯಲೆಂದೋ ಬಂದು ಇಲ್ಲೇ ನೆಲೆ ನಿಂತವರು ಬಹಳ ಮಂದಿ. ಯಶವಂತಪುರ ರೈಲು ನಿಲ್ದಾಣ ಬ್ಯಾಗು ಹೆಗಲಿಗೇರಿಸಿಕೊಂಡು ನಡೆದೇ ಹೋಗುವಷ್ಟು ಹತ್ತಿರ. ಅಷ್ಟಾಗಿಯೂ ಹಬ್ಬದ ಹಿಂದಿನ ರಾತ್ರಿ ಇದೇ ಜನ ಗೊರಗುಂಟೆಪಾಳ್ಯದಲ್ಲಿ ಖಾಸಗಿ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಆ ಬಸ್ಸಿಗೆ ಅವರು ಕೊಟ್ಟ ದುಡ್ಡು ರೈಲಿನ ಸ್ಲೀಪರ್ ದರದ ನಾಲ್ಕೈದು ಪಟ್ಟು.

ಹುಬ್ಬಳ್ಳಿಗೆ ಇಲ್ಲಿಂದ ಸುಮಾರು 465 ಕಿಲೋಮೀಟರ್. ಸ್ಲೀಪರ್ ಟಿಕೆಟ್ಟಿಗೆ ಮುನ್ನೂರು ರೂಪಾಯಿ ಆಸುಪಾಸು, ಜನರಲ್ ಬೋಗಿಗೆ ಹೆಚ್ಚುಕಡಿಮೆ ಅದರ ಅರ್ಧ. ಇಷ್ಟು ದೂರಕ್ಕೆ ಇಷ್ಟು ಕಡಿಮೆ ದರ ಜಗತ್ತಿನ ದೊಡ್ಡ ರೈಲು ಜಾಲಗಳಲ್ಲಿ ಸಿಗುವುದು ಕಷ್ಟ. ಆದರೆ ದರ ಕಡಿಮೆ ಇದ್ದ ಮಾತ್ರಕ್ಕೆ ಪ್ರಯಾಣ ಅಗ್ಗವಾಗುವುದಿಲ್ಲ. ಆ ದರಕ್ಕೆ ಕೂರಲು ಜಾಗ ಸಿಕ್ಕಬೇಕು. ನಮ್ಮಲ್ಲಿ ಅಗ್ಗದ ರೈಲು ಪ್ರಯಾಣ ಹುಡುಕುವುದು ಎಂದರೆ ನಿಜವಾಗಿ ಸೀಟು ಹುಡುಕುವುದು.

ರಾಮಯ್ಯ ಕಾಲೇಜಿನಲ್ಲಿ ಓದು ಮುಗಿಸಿ ಜರ್ಮನಿಗೆ ಹೋದ ಹುಡುಗ ಹುಡುಗಿಯರನ್ನು ಕೇಳಿದರೆ ಇದರ ತಿರುವುಮುರುವು ಕಥೆ ಹೇಳುತ್ತಾರೆ. ಬರ್ಲಿನ್‌ನಿಂದ ಮ್ಯೂನಿಕ್‌ಗೆ ವೇಗದ ರೈಲಿನಲ್ಲಿ ನಾಲ್ಕು ಗಂಟೆ ಹಾದಿ. ತಿಂಗಳುಗಟ್ಟಲೆ ಮೊದಲೇ ಕೊಂಡರೆ ಇಪ್ಪತ್ತು ಯೂರೊ ಆಸುಪಾಸಿಗೂ ಟಿಕೆಟ್ ಸಿಗುತ್ತದೆ. ಹೊರಡುವ ದಿನ, ಯಾವ ರೈಲಿಗಾದರೂ ಹತ್ತಬಹುದಾದ ಪೂರ್ಣ ದರದ ಟಿಕೆಟ್ ಕೊಂಡರೆ ನೂರೈವತ್ತು ಯೂರೊ ದಾಟಬಹುದು. ರೈಲು ಅದೇ, ಸೀಟೂ ಅದೇ. ಅಲ್ಲಿ ಎಷ್ಟೇ ತಡವಾದರೂ ಟಿಕೆಟ್ ಇಲ್ಲ ಎನ್ನುವುದು ಅಪರೂಪ. ಸೀಟು ಕಾಯ್ದಿರಿಸದಿದ್ದರೂ ಜರ್ಮನಿಯ ವೇಗದ ರೈಲಿಗೆ ಹತ್ತಿ ನಿಂತು ಹೋಗಬಹುದು. ಕೈಗೆ ಸಿಗದೆ ಓಡುವುದು ಅಗ್ಗದ ದರ. ಹಾಗಾಗಿ ಯುರೋಪಿನಲ್ಲಿ ಪ್ರಯಾಣಿಕ ದಿನಾಂಕ ನೋಡುತ್ತಾನೆ. ಮಂಗಳವಾರ ಹೋಗಲೋ ಶುಕ್ರವಾರ ಹೋಗಲೋ, ಬೆಳಗಿನ ಆರರ ರೈಲೋ ಹತ್ತರ ರೈಲೋ ಎಂದು ಲೆಕ್ಕ ಹಾಕುತ್ತಾನೆ. ಫ್ರಾನ್ಸಿನಲ್ಲಿ 2013ರಲ್ಲಿ ಶುರುವಾದ ವೀಗೊ ಎಂಬ ಅಗ್ಗದ ದರದ ರೈಲು, ಇಟಲಿಯಲ್ಲಿ 2012ರಿಂದ ಸರ್ಕಾರಿ ರೈಲಿಗೆ ಪೈಪೋಟಿ ಕೊಡುತ್ತಿರುವ ಇಟಾಲೊ, 2021ರ ನಂತರ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ನಡುವೆ ಒಂದಕ್ಕಿಂತ ಹೆಚ್ಚು ಕಂಪನಿಗಳು ಓಡಿಸುತ್ತಿರುವ ರೈಲು, ಎಲ್ಲವೂ ವಿಮಾನದ ಟಿಕೆಟ್ಟಿನ ಹಾಗೆ ಬೇಡಿಕೆಗೆ ತಕ್ಕಂತೆ ಏರುವ, ಇಳಿಯುವ ದರದ ಮೇಲೆ ನಡೆಯುತ್ತವೆ.

ನಮ್ಮ ದರ ನಿಂತಿರುವುದು ಕಿಲೋಮೀಟರಿನ ಮೇಲೆ. ಎರಡು ತಿಂಗಳ ಮೊದಲು ಕೊಂಡರೂ ಹೊರಡುವ ದಿನ ಕೊಂಡರೂ ಸಾಮಾನ್ಯ ಎಕ್ಸ್‌ಪ್ರೆಸ್ ರೈಲಿನ ದರ ಒಂದೇ. ದೂರದ ಕೋಷ್ಟಕ ಒಂದಿದೆ, ತರಗತಿಗೊಂದು ದರ ಇದೆ, ಕೊನೆಗೆ ಮೊತ್ತವನ್ನು ಐದರ ಗುಣಕಕ್ಕೆ ಏರಿಸಿ ಟಿಕೆಟ್ ಮುದ್ರಿಸುತ್ತಾರೆ. ಈ ಕೋಷ್ಟಕ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರು ದುಡ್ಡು ಉಳಿಸುತ್ತಾರೆ. ಕೌಂಟರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಿಂದೆ ನಿಂತ ಸಾಲು ಹೇಳಲು ಬಿಡುವುದೂ ಇಲ್ಲ.

ಮೊದಲನೆಯದು ಸೂಪರ್‌ಫಾಸ್ಟ್ ಹೆಚ್ಚುವರಿ. ಗಂಟೆಗೆ ಸರಾಸರಿ 55 ಕಿಲೋಮೀಟರ್ ಮುಟ್ಟುವ ರೈಲನ್ನು ಇಲಾಖೆ ಸೂಪರ್‌ಫಾಸ್ಟ್ ಎಂದು ಕರೆಯುತ್ತದೆ. ಅದಕ್ಕೆ ಜನರಲ್‌ನಲ್ಲಿ 15, ಸ್ಲೀಪರ್‌ನಲ್ಲಿ 30, ಫಸ್ಟ್ ಎಸಿ ಬಿಟ್ಟು ಉಳಿದ ಎಸಿ ಬೋಗಿಗಳಲ್ಲಿ 45 ರೂಪಾಯಿ ಹೆಚ್ಚು. ತುಮಕೂರಿಗೆ ಹೋದರೂ ದೆಹಲಿಗೆ ಹೋದರೂ ಅಷ್ಟೇ. ದೆಹಲಿಗೆ ಹೋಗುವವರ ಟಿಕೆಟ್ಟಿನಲ್ಲಿ ಈ ಮೂವತ್ತು ರೂಪಾಯಿ ಗಮನಕ್ಕೇ ಬರುವುದಿಲ್ಲ. ಯಶವಂತಪುರದಿಂದ 64 ಕಿಲೋಮೀಟರ್ ದೂರದ ತುಮಕೂರಿಗೆ ದಿನಾ ಹೋಗುವವರಿಗೆ ಆ ಹದಿನೈದು ರೂಪಾಯಿಯೇ ದೊಡ್ಡದು. ಅದೇ ಹಳಿಯ ಮೇಲೆ ಪ್ಯಾಸೆಂಜರ್ ರೈಲೂ ಓಡುತ್ತದೆ, ಮೆಮು ರೈಲೂ ಓಡುತ್ತದೆ, ಅವುಗಳ ದರ ಎಕ್ಸ್‌ಪ್ರೆಸ್ಸಿನ ದರದ ಅರ್ಧದಷ್ಟು. ಕೋವಿಡ್ ಸಮಯದಲ್ಲಿ ಈ ಪ್ಯಾಸೆಂಜರ್ ರೈಲುಗಳನ್ನು ‘ವಿಶೇಷ’ ಎಂದು ಹೆಸರು ಬದಲಿಸಿ ಓಡಿಸಿದರು. ಹತ್ತು ರೂಪಾಯಿ ಇದ್ದ ಕನಿಷ್ಠ ದರ ಮೂವತ್ತಾಯಿತು. ಕೋವಿಡ್ ಹೋದರೂ ಆ ದರ ಹೋಗಲಿಲ್ಲ. ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರುವರಿಯಲ್ಲಿ. ದಿನಗೂಲಿಯವರು, ಹೂವು ಸೊಪ್ಪು ಮಾರುವವರು ಅಷ್ಟು ವರ್ಷ ಮೂರು ಪಟ್ಟು ಕೊಟ್ಟು ಓಡಾಡಿದರು. ಇದು ಆಗಬಾರದಿತ್ತು ಎಂದು ನಾನು ಈಗಲೂ ಹೇಳುತ್ತೇನೆ.

ಎರಡನೆಯದು ಕನಿಷ್ಠ ದೂರ. ಸ್ಲೀಪರ್ ಬೋಗಿಯಲ್ಲಿ ಎಷ್ಟೇ ಹತ್ತಿರ ಹೋದರೂ 200 ಕಿಲೋಮೀಟರಿನ ದರ ಕೊಡಬೇಕು, ಥರ್ಡ್ ಎಸಿಯಲ್ಲಿ 300 ಕಿಲೋಮೀಟರಿನದು. ಅರಸೀಕೆರೆಗೆ ಸ್ಲೀಪರ್ ಟಿಕೆಟ್ ಕೊಂಡವರು ತಾವು ಹೋಗದ ದೂರಕ್ಕೂ ದುಡ್ಡು ಕಟ್ಟಿರುತ್ತಾರೆ. ಹಗಲಿನಲ್ಲಿ ಹೋಗುವುದಾದರೆ ಕುಳಿತು ಹೋಗುವ ಎರಡನೇ ದರ್ಜೆಯ ಕಾಯ್ದಿರಿಸಿದ ಸೀಟಿಗೆ ಆ ಹೊರೆ ಇಲ್ಲ. ಅದರ ಕಾಯ್ದಿರಿಸುವ ಶುಲ್ಕವೂ 15 ರೂಪಾಯಿ ಮಾತ್ರ. ಶಿವಮೊಗ್ಗ, ಹುಬ್ಬಳ್ಳಿ ಇಂಟರ್‌ಸಿಟಿಗಳಲ್ಲಿ ಈ ಸೀಟಿಗಿಂತ ಒಳ್ಳೆಯ ವ್ಯವಹಾರ ಬೇರೆ ಇಲ್ಲ.

ಮೂರನೆಯದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಮೊದಲ ನೂರು ಕಿಲೋಮೀಟರಿಗೆ ಕೊಟ್ಟಷ್ಟು ಹತ್ತನೆಯ ನೂರಕ್ಕೆ ಕೊಡುವುದಿಲ್ಲ. ಆದ್ದರಿಂದ ಐನೂರು ಕಿಲೋಮೀಟರಿನ ಒಂದು ಟಿಕೆಟ್ಟು ಇನ್ನೂರೈವತ್ತರ ಎರಡು ಟಿಕೆಟ್ಟುಗಳಿಗಿಂತ ಅಗ್ಗ. ತುಂಡು ಮಾಡಿ ಕೊಂಡರೆ ಸ್ಲೀಪರ್‌ಗೆ ಇಪ್ಪತ್ತು ರೂಪಾಯಿ ಕಾಯ್ದಿರಿಸುವ ಶುಲ್ಕ, ಮೂವತ್ತು ರೂಪಾಯಿ ಸೂಪರ್‌ಫಾಸ್ಟ್ ಹೆಚ್ಚುವರಿ ಎರಡೆರಡು ಸಲ ಬೀಳುತ್ತವೆ. ಬ್ರಿಟನ್ನಿನಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ಲಂಡನ್ನಿನಿಂದ ದೂರದ ಊರಿಗೆ ಹೋಗುವವರು ದಾರಿಯ ಸ್ಟೇಷನ್ನುಗಳವರೆಗೆ ಒಂದೊಂದು ಟಿಕೆಟ್ ಕೊಂಡು, ಅದೇ ರೈಲಿನ ಅದೇ ಸೀಟಿನಲ್ಲಿ ಕುಳಿತು, ಎಷ್ಟೋ ಪೌಂಡ್ ಉಳಿಸುತ್ತಾರೆ. ದರಗಳನ್ನು ಬೇರೆ ಬೇರೆ ಕಂಪನಿಗಳು, ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆಯಾಗಿ ನಿಗದಿ ಮಾಡಿರುವುದರಿಂದ ಆ ಸಂದು ಉಳಿದುಕೊಂಡಿದೆ. ಅಲ್ಲಿ ಅದನ್ನು ಕಲಿತು ಬಂದವರು ಇಲ್ಲಿ ಅದೇ ಉಪಾಯ ಮಾಡಲು ಹೋದರೆ ಕೈಯಿಂದ ಕಳೆದುಕೊಳ್ಳುತ್ತಾರೆ.

ಉದ್ದದ ಟಿಕೆಟ್ ಅಗ್ಗ ಎಂಬ ಈ ನಿಯಮದ ಪೂರ್ತಿ ಲಾಭ ಕೊಡುವ ಒಂದು ಸೌಲಭ್ಯ ರೈಲ್ವೆಯ ನಿಯಮ ಪುಸ್ತಕದಲ್ಲಿ ಬಹುತೇಕ ಮರೆತಂತೆ ಕೂತಿದೆ. ಅದು ವೃತ್ತಾಕಾರದ ಪ್ರಯಾಣದ ಟಿಕೆಟ್, ಅಂದರೆ ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ನಿಲ್ದಾಣಕ್ಕೇ ಬಂದು ಮುಗಿಯಬೇಕು. ನಡುವೆ ಹೆಚ್ಚೆಂದರೆ ಎಂಟು ಕಡೆ ಇಳಿದು ತಂಗಬಹುದು. ದರ ಹಾಕುವ ಕ್ರಮ ಬಲು ಸೊಗಸು: ಒಟ್ಟು ದೂರವನ್ನು ಅರ್ಧ ಮಾಡಿ, ಆ ಅರ್ಧದೂರದ ಎರಡು ಟಿಕೆಟ್ಟು ಎಂದು ಲೆಕ್ಕ ಹಿಡಿಯುತ್ತಾರೆ.

ಮತ್ತಿಕೆರೆಯ ಒಂದು ಸಂಸಾರ ದಸರಾ ರಜೆಯಲ್ಲಿ ಉತ್ತರ ಕರ್ನಾಟಕ ನೋಡಬೇಕು ಅಂದುಕೊಂಡಿತು ಎನ್ನಿ. ಯಶವಂತಪುರದಿಂದ ಯಲಹಂಕ, ಗುಂತಕಲ್ ಮೇಲೆ ಹೊರಟರೆ ಮಂತ್ರಾಲಯ ರೋಡ್, ರಾಯಚೂರು, ಕಲಬುರಗಿ, ಹೊಟಗಿ. ಅಲ್ಲಿಂದ ತೆಂಕಣಕ್ಕೆ ತಿರುಗಿ ವಿಜಯಪುರ, ಬಾದಾಮಿ. ಆಮೇಲೆ ಗದಗ ದಾಟಿ ಹುಬ್ಬಳ್ಳಿ, ದಾವಣಗೆರೆ, ಅರಸೀಕೆರೆ, ತುಮಕೂರು ಹಿಡಿದು ವಾಪಸ್ ಯಶವಂತಪುರ. ಒಂದೇ ಹಳಿಯನ್ನು ಎರಡು ಸಲ ತುಳಿಯದೆ ಪೂರ್ತಿ ಸುತ್ತು. ಮಂತ್ರಾಲಯ, ರಾಯಚೂರು, ಕಲಬುರಗಿ, ಹೊಟಗಿ, ವಿಜಯಪುರ, ಬಾದಾಮಿ, ಹುಬ್ಬಳ್ಳಿ, ದಾವಣಗೆರೆ: ಇಳಿಯುವ ಜಾಗ ಸರಿಯಾಗಿ ಎಂಟು. ಒಂದೂವರೆ ಸಾವಿರ ಕಿಲೋಮೀಟರಿನ ಹತ್ತಿರ ಹತ್ತಿರದ ದಾರಿ. ಬಿಡಿ ಬಿಡಿಯಾಗಿ ಕೊಂಡರೆ ಒಂಬತ್ತು ಟಿಕೆಟ್, ಅದರಲ್ಲಿ ಹೆಚ್ಚಿನವು ಕಿಲೋಮೀಟರಿಗೆ ಜಾಸ್ತಿ ಬೀಳುವ ಸಣ್ಣ ದೂರದವು. ಸ್ಲೀಪರ್ ಆದರೆ ಕೆಲವಕ್ಕೆ 200 ಕಿಲೋಮೀಟರಿನ ಕನಿಷ್ಠ ದರ ಬೇರೆ. ಸುತ್ತಿನ ಟಿಕೆಟ್ಟಿನಲ್ಲಿ ಏಳುನೂರು ಚಿಲ್ಲರೆ ಕಿಲೋಮೀಟರಿನ ಎರಡು ಟಿಕೆಟ್ಟಿನ ದರ ಬೀಳುತ್ತದೆ, ಅಷ್ಟೇ.

ಇದಕ್ಕೆ ಹೋಗುವ ದಾರಿಯ ಪಟ್ಟಿ ಬರೆದು, ಇಳಿಯುವ ಊರುಗಳನ್ನು ಗುರುತು ಮಾಡಿ, ವಿಭಾಗೀಯ ವಾಣಿಜ್ಯ ಅಧಿಕಾರಿಗೋ ದೊಡ್ಡ ನಿಲ್ದಾಣದ ವ್ಯವಸ್ಥಾಪಕರಿಗೋ ಅರ್ಜಿ ಕೊಡಬೇಕು. ಅವರು ದರ ಲೆಕ್ಕ ಹಾಕಿ ಪತ್ರ ಕೊಡುತ್ತಾರೆ, ಅದನ್ನು ತೋರಿಸಿ ಹೊರಡುವ ನಿಲ್ದಾಣದಲ್ಲಿ ಟಿಕೆಟ್ ಪಡೆದು, ಒಂದೊಂದು ರೈಲಿಗೂ ಸೀಟು ಕಾಯ್ದಿರಿಸಿಕೊಳ್ಳಬೇಕು. ಮೊಬೈಲಿನಲ್ಲಿ ಆಗುವ ಕೆಲಸವಲ್ಲ. ಇದನ್ನು ಮೊಬೈಲಿಗೆ ತಂದರೆ ಎಷ್ಟು ಮನೆಗಳು ಮಕ್ಕಳನ್ನು ಕರೆದುಕೊಂಡು ಸ್ವಂತ ನಾಡು ನೋಡಿಬರುತ್ತಿದ್ದವು! ಯುರೋಪಿನವರು ಇಂಥದನ್ನೇ ಪಾಸ್ ಮಾಡಿ ಜಗತ್ತಿಗೆಲ್ಲ ಮಾರಿದರು. ಹೊರಗಿನ ಪ್ರವಾಸಿಗಳಿಗೆಂದು ಯೂರೇಲ್ ಪಾಸ್ ಶುರುವಾದದ್ದು 1959ರಲ್ಲಿ. ಅಲ್ಲಿನ ಇಪ್ಪತ್ತೊಂದರೊಳಗಿನ ಹುಡುಗರಿಗೆಂದು ಇಂಟರ್‌ರೇಲ್ ಪಾಸ್ ಬಂದದ್ದು 1972ರಲ್ಲಿ. ಮುಂದೆ ಅದು ಎಲ್ಲ ವಯಸ್ಸಿನವರಿಗೂ ಸಿಕ್ಕಿತು. ಇಂದಿಗೂ ಒಂದು ತಲೆಮಾರು ಇಡೀ ಖಂಡವನ್ನು ನೋಡುವುದು ಆ ಪಾಸ್ ಮೇಲೆ. ಆದರೆ ಫ್ರಾನ್ಸ್, ಇಟಲಿ, ಸ್ಪೇನಿನ ವೇಗದ ರೈಲುಗಳಲ್ಲಿ ಪಾಸ್ ಇದ್ದವರೂ ಸೀಟಿಗೆಂದು ಬೇರೆ ದುಡ್ಡು ಕಟ್ಟಬೇಕು. ಇಲ್ಲಿಂದ ಪ್ರವಾಸ ಹೋಗುವವರು ಪಾಸ್ ಕೊಳ್ಳುವ ಮೊದಲು ಆ ಲೆಕ್ಕ ಹಿಡಿಯಬೇಕು. ಎರಡು ಮೂರು ಊರು ಮಾತ್ರ ನೋಡುವವರಿಗೆ ಮುಂಚಿತವಾಗಿ ಕೊಂಡ ಬಿಡಿ ಟಿಕೆಟ್ಟೇ ಸಾಮಾನ್ಯವಾಗಿ ಕಡಿಮೆ ಬೀಳುತ್ತದೆ.

ದರದ ಮಾತು ಇಷ್ಟು. ಸೀಟಿನ ಮಾತು ಇದಕ್ಕಿಂತ ಗೋಜಲು.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಸಂಕ್ರಾಂತಿಗೆ ಜನವರಿ 13ರ ರಾತ್ರಿ ಹೊರಡಬೇಕಾದವರಿಗೆ ಬುಕಿಂಗ್ ತೆರೆಯುವುದು ನವೆಂಬರ್ 14ರ ಬೆಳಿಗ್ಗೆ ಎಂಟಕ್ಕೆ. ಹಬ್ಬದ ರೈಲಾದರೆ ಎಂಟೂ ಹತ್ತಕ್ಕೆ ವೇಟಿಂಗ್ ಲಿಸ್ಟ್. ಈಗ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಆನ್‌ಲೈನ್ ಟಿಕೆಟ್ ಸಿಗುವುದು ಆಧಾರ್ ದೃಢೀಕರಣ ಆದ ಖಾತೆಗಳಿಗೆ ಮಾತ್ರ. ತತ್ಕಾಲ್‌ಗೆ 2025ರ ಜುಲೈನಿಂದಲೇ ಆ ನಿಯಮ ಬಂದಿದೆ. ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಬುಕಿಂಗ್ ತೆರೆಯುವ ಬೆಳಿಗ್ಗೆಗೆ ಇಟ್ಟುಕೊಂಡವರು ಅಲ್ಲೇ ಸೋತಂತೆ.

ಅದಕ್ಕಿಂತ ಮುಖ್ಯವಾದದ್ದು ಯಾವ ನಿಲ್ದಾಣದಿಂದ ಟಿಕೆಟ್ ಎಂಬುದು. ರೈಲು ಹೊರಡುವ ನಿಲ್ದಾಣಕ್ಕೆ ಸೀಟುಗಳ ದೊಡ್ಡ ಪಾಲು, ನಡುವಿನ ನಿಲ್ದಾಣಗಳಿಗೆ ಸಣ್ಣ ಪಾಲು. ನಡುವಿನ ನಿಲ್ದಾಣದ ವೇಟಿಂಗ್ ಲಿಸ್ಟ್ ಕರಗುವುದೂ ನಿಧಾನ. ಬೀದರ್, ಕಾರವಾರ, ಶಿವಮೊಗ್ಗ ಕಡೆಗೆ ಯಶವಂತಪುರದಿಂದಲೇ ಹೊರಡುವ ರೈಲುಗಳಿವೆ. ಅವುಗಳಲ್ಲಿ ಮತ್ತಿಕೆರೆಯವರಿಗೆ ಸೀಟು ಸಿಗುವ ಸಂಭವ ಹೆಚ್ಚು. ಮೈಸೂರಿನಿಂದ ಬರುವ ರೈಲುಗಳಲ್ಲಿ ಇಲ್ಲಿಂದ ಜಾಗ ಇಲ್ಲ ಎಂದು ತೋರಿಸಿದರೂ ಮೈಸೂರಿನಿಂದ ನೋಡಿದರೆ ಇರಬಹುದು. ಆಗ ತಿಳಿದವರು ಮೈಸೂರಿನಿಂದಲೇ ಟಿಕೆಟ್ ತೆಗೆದು, ಬುಕಿಂಗ್ ಮಾಡುವಾಗಲೇ ಹತ್ತುವ ನಿಲ್ದಾಣ ಯಶವಂತಪುರ ಎಂದು ನಮೂದಿಸುತ್ತಾರೆ. ದೂರದ ದರ ಇಳಿಯುತ್ತಾ ಹೋಗುವುದರಿಂದ ಈ ಹೆಚ್ಚಿನ 140 ಕಿಲೋಮೀಟರಿಗೆ ಬೀಳುವುದು ಹತ್ತಾರು ರೂಪಾಯಿ ಅಷ್ಟೇ. ಇದು ನಿಯಮಕ್ಕೆ ಹೊರತಾದದ್ದಲ್ಲ. ಆದರೆ ಹತ್ತುವ ನಿಲ್ದಾಣ ಬದಲಿಸಲು ಮರೆತರೆ, ಮೈಸೂರಿನಲ್ಲಿ ಹತ್ತಲಿಲ್ಲ ಎಂದು ಟಿಟಿಇ ಗುರುತು ಹಾಕಿಕೊಂಡು ಸೀಟನ್ನು ಬೇರೆಯವರಿಗೆ ಕೊಡುತ್ತಾರೆ. ಬದಲಿಸಿದ ಮೇಲೆ ಮೈಸೂರಿನಲ್ಲಿ ಹತ್ತುವ ಹಕ್ಕೂ ಇರುವುದಿಲ್ಲ.

ತತ್ಕಾಲ್ ದುಬಾರಿ ಎಂಬ ಭಾವನೆ ಇದೆ. ಅದು ತರಗತಿಯ ಮೇಲೆ ಹೋಗುತ್ತದೆ. ಕುಳಿತು ಹೋಗುವ ಎರಡನೇ ದರ್ಜೆಗೆ ತತ್ಕಾಲ್ ಹೆಚ್ಚುವರಿ ಹತ್ತರಿಂದ ಹದಿನೈದು ರೂಪಾಯಿ. ಸ್ಲೀಪರ್‌ಗೆ ನೂರರಿಂದ ಇನ್ನೂರು, ಥರ್ಡ್ ಎಸಿಗೆ ಮುನ್ನೂರರಿಂದ ನಾನೂರು. ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಎಸಿ, ಹನ್ನೊಂದಕ್ಕೆ ಉಳಿದದ್ದು ತೆರೆಯುತ್ತದೆ. ನಿಜಕ್ಕೂ ದುಬಾರಿ ಆಗುವುದು 2014ರಲ್ಲಿ ಬಂದ ಪ್ರೀಮಿಯಂ ತತ್ಕಾಲ್. ಅದು ಸೀಟು ಖಾಲಿಯಾದಂತೆ ಏರುವ ದರ. ತತ್ಕಾಲ್ ತುಂಬಿಹೋದ ಗಾಬರಿಯಲ್ಲಿ ಎಷ್ಟೋ ಮಂದಿ ಯಾವ ಕೋಟಾ ಎಂದು ನೋಡದೆ ಅದರ ಮೇಲೆ ಒತ್ತಿಬಿಡುತ್ತಾರೆ.

ಇನ್ನು ಕೊನೆಯ ಗಳಿಗೆಯ ಉಪಾಯ. ಚಾರ್ಟ್ ತಯಾರಾದ ಮೇಲೂ ಖಾಲಿ ಉಳಿದ ಸೀಟುಗಳನ್ನು ರೈಲ್ವೆ ಕರೆಂಟ್ ಬುಕಿಂಗ್‌ನಲ್ಲಿ ಮಾರುತ್ತದೆ, ಅದಕ್ಕೆ ಮೂಲ ದರದಲ್ಲಿ ಶೇ 10 ರಿಯಾಯಿತಿ ಎಂದು 2017ರ ಜನವರಿಯಲ್ಲಿ ನಿಯಮ ಮಾಡಿತು. ಯುರೋಪಿನಲ್ಲಿ ರೈಲು ಹೊರಡುವ ಹೊತ್ತಿಗೆ ಟಿಕೆಟ್ ದರ ತುದಿ ಮುಟ್ಟಿರುತ್ತದೆ; ಇಲ್ಲಿ ಅದೇ ಹೊತ್ತಿಗೆ ಇಳಿಯುತ್ತದೆ. ಹಿಂದೆ ನಾಲ್ಕು ಗಂಟೆ ಮುಂಚೆ ಆಗುತ್ತಿದ್ದ ಚಾರ್ಟ್ 2025ರ ಜುಲೈನಿಂದ ಇನ್ನೂ ಬೇಗ ಆಗುತ್ತಿರುವುದರಿಂದ ಯೋಚಿಸಲು ಸಮಯವೂ ಸಿಗುತ್ತದೆ. ನಿಲ್ದಾಣದ ಹತ್ತಿರವೇ ಮನೆ ಇರುವವರಿಗೆ, ವಾರದ ನಡುವೆ ಹೋಗುವವರಿಗೆ ಇದು ಹೇಳಿ ಮಾಡಿಸಿದ ಸೌಲಭ್ಯ. ಹಬ್ಬದ ದಿನ ಮಾತ್ರ ನೆಚ್ಚಿಕೊಳ್ಳುವ ಹಾಗಿಲ್ಲ.

ಸೀಟೇ ಕಾಯ್ದಿರಿಸದೆ ಹೋಗುವವರ ದಾರಿ ಬೇರೆ. ಬೆಳಿಗ್ಗೆ ಯಶವಂತಪುರದಿಂದ ಹೊರಡುವ ಕಾರವಾರ ರೈಲನ್ನೇ ನೋಡಿ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಹೊಸ ಹಳಿ ಹಾಸನದವರೆಗೆ ಪೂರ್ತಿಯಾದ ಮೇಲೆ ಅರಸೀಕೆರೆ ಸುತ್ತುವ ದೂರ ತಪ್ಪಿತು. ದೂರ ತಗ್ಗಿದ್ದರಿಂದ ಟಿಕೆಟ್ ದರವೂ ತಗ್ಗಿತು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಟ್ಟ, ಐವತ್ತಕ್ಕೂ ಹೆಚ್ಚು ಸುರಂಗ. ರೈಲು ಸೈಕಲ್ಲಿಗಿಂತ ತುಸು ಜೋರಾಗಿ ಇಳಿಯುತ್ತದೆ. 2021ರ ಜುಲೈನಲ್ಲಿ ಈ ಹಾದಿಯ ರೈಲುಗಳಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಸೇರಿಸಿದರು, ಅದರ ದರ ಜನರಲ್ ಟಿಕೆಟ್ಟಿನ ಹಲವು ಪಟ್ಟು. ಜನರಲ್ ಬೋಗಿಯಲ್ಲಿ ಕಿಟಕಿ ತೆರೆದೇ ಇಡಬಹುದು, ಕಂಬಿಗಳಷ್ಟೇ ಅಡ್ಡ. ಮಳೆಗಾಲದಲ್ಲಿ ಬಂಡೆಯಿಂದ ಧುಮುಕುವ ನೀರಿನ ಹನಿ ಮುಖಕ್ಕೇ ಸಿಡಿಯುತ್ತದೆ, ಸುರಂಗದೊಳಗೆ ಮಕ್ಕಳು ಕೂಗಿದ್ದು ಬೋಗಿಯಿಂದ ಬೋಗಿಗೆ ಹಬ್ಬುತ್ತದೆ, ಎಡಕುಮೇರಿಯ ಹತ್ತಿರ ಒದ್ದೆ ಮಣ್ಣಿನ, ಕಾಡಿನ ವಾಸನೆ ಒಳಗೇ ಬರುತ್ತದೆ. ಕಣಿವೆ ಇಬ್ಬರಿಗೂ ಒಂದೇ. ದುಡ್ಡಿಲ್ಲದವರಿಗೆ ಕಡಿಮೆ ಕಾಣಿಸುತ್ತದೆ ಎಂದೇನಿಲ್ಲ.

ಈ ಜನರಲ್ ಟಿಕೆಟ್ಟನ್ನು ಈಗ 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿ ಮನೆಯಿಂದಲೇ ತೆಗೆಯಬಹುದು. ಆ್ಯಪ್‌ನ ವ್ಯಾಲೆಟ್‌ನಲ್ಲಿ ದುಡ್ಡು ಹಾಕಿಟ್ಟರೆ ಶೇ 3ರಷ್ಟು ಉಳಿಯುತ್ತದೆ. 200 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಹೊರಡಬೇಕು. ಒಂದು ಎಚ್ಚರ ಬೇಕು: ಪ್ಯಾಸೆಂಜರ್ ದರದ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ವ್ಯತ್ಯಾಸದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ ಬೀಳುತ್ತದೆ.

ತುಮಕೂರಿಗೆ ದಿನಾ ಓಡಾಡುವವರಿಗೆ ಪಾಸ್‌ನಷ್ಟು ಅಗ್ಗದ್ದು ಬೇರೇನೂ ಇಲ್ಲ. 150 ಕಿಲೋಮೀಟರಿನವರೆಗೆ ಸಿಗುವ ಈ ತಿಂಗಳ ಪಾಸ್‌ಗೆ ಹೆಚ್ಚುಕಡಿಮೆ ಹದಿನೈದು ಸಲದ ಏಕಮುಖ ಟಿಕೆಟ್ಟಿನ ದುಡ್ಡು. ಎಂಟು ದಿನ ಹೋಗಿ ಬಂದರೆ ಪಾಸ್ ಹಣ ಬಂದಂತೆ, ಉಳಿದ ದಿನವೆಲ್ಲ ಲಾಭ. ಶಾಲೆ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ ಹನ್ನೆರಡನೇ ತರಗತಿಯವರೆಗೆ ಎರಡನೇ ದರ್ಜೆಯ ಪಾಸ್ ಉಚಿತ. ಜರ್ಮನಿ 2022ರ ಜೂನ್‌ನಿಂದ ಆಗಸ್ಟ್‌ವರೆಗೆ ತಿಂಗಳಿಗೆ 9 ಯೂರೊ ಟಿಕೆಟ್ ಕೊಟ್ಟು, ದೇಶದ ಯಾವ ಮೂಲೆಗಾದರೂ ಪ್ರಾದೇಶಿಕ ರೈಲಿನಲ್ಲಿ ಹೋಗಿ ಎಂದಿತು. ಜನ ಮುಗಿಬಿದ್ದರು. ಅದೇ 2023ರ ಮೇ ತಿಂಗಳಲ್ಲಿ 49 ಯೂರೊದ ಕಾಯಂ ಪಾಸ್ ಆಯಿತು, 2025ರಲ್ಲಿ 58ಕ್ಕೆ ಏರಿತು, 2026ರಲ್ಲಿ 63. ವೇಗದ ರೈಲಿಗೆ ಅದು ನಡೆಯುವುದಿಲ್ಲ. ಅಲ್ಲಿ ಓದುವ ನಮ್ಮ ಮಕ್ಕಳು ಅದನ್ನೇ ನಂಬಿಕೊಂಡು, ಮೂರು ನಾಲ್ಕು ರೈಲು ಬದಲಿಸುತ್ತಾ ದಿನವಿಡೀ ಪ್ರಯಾಣ ಮಾಡಿ ಸ್ನೇಹಿತರ ಊರು ಸೇರುತ್ತಾರೆ. ಕೈಯಲ್ಲಿ ದುಡ್ಡು ಕಡಿಮೆ, ಸಮಯ ಹೆಚ್ಚು ಇರುವವರಿಗೆ ಪ್ಯಾಸೆಂಜರ್ ರೈಲೇ ಆಧಾರ ಎನ್ನುವುದು ಅಲ್ಲಿಯೂ ಇಲ್ಲಿಯೂ ಒಂದೇ.

ಇಲ್ಲಿ ಇನ್ನೊಂದು ಲೆಕ್ಕ ಸೇರಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸು ಉಚಿತ. ಗಂಡ, ಹೆಂಡತಿ, ಅತ್ತೆ, ಕಾಲೇಜಿಗೆ ಹೋಗುವ ಮಗಳು ಇರುವ ಮನೆಯವರು ಹಾಸನಕ್ಕೆ ಬಸ್ಸಿನಲ್ಲಿ ಹೋದರೆ ಟಿಕೆಟ್ ಒಬ್ಬರಿಗೆ ಮಾತ್ರ. ರೈಲಿನಲ್ಲಿ ನಾಲ್ಕು ಟಿಕೆಟ್. ಒಬ್ಬರೇ ಹೋಗುವ ಗಂಡಸಿಗೆ ರೈಲು ಅಗ್ಗ, ಹೆಂಗಸರು ಹೆಚ್ಚಿರುವ ಸಂಸಾರಕ್ಕೆ ಬಸ್ಸು ಅಗ್ಗ. ರಾತ್ರಿಯಿಡೀ ಕೂತು ಹೋಗಬೇಕಾದ ಬೀದರ್, ಕಲಬುರಗಿ ದೂರಕ್ಕೆ ಮಾತ್ರ ಸ್ಲೀಪರ್ ಬರ್ತಿಗೆ ಕೊಟ್ಟ ದುಡ್ಡು ಸಾರ್ಥಕ ಎಂದು ವಯಸ್ಸಾದವರು ಹೇಳುತ್ತಾರೆ.

ಆ ವಯಸ್ಸಾದವರ ವಿಷಯದಲ್ಲಿ ನನಗೆ ತಡೆಯಲಾಗದ ಸಂಕಟ ಇದೆ. 2020ರ ಮಾರ್ಚ್‌ವರೆಗೆ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಕೋವಿಡ್ ನೆಪದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಬುಕಿಂಗ್ ಕೌಂಟರ್ ಒಂದರ ಸಾಲಿನಲ್ಲಿ ಧೋತರ ಉಟ್ಟ ಹಿರಿಯರೊಬ್ಬರು ಅರ್ಜಿಯ ಹಾಳೆಯಲ್ಲಿ ವಯಸ್ಸಿನ ಜಾಗವನ್ನು ಬೆರಳಿಟ್ಟು ತೋರಿಸುತ್ತಿದ್ದರು. “ತಮ್ಮಾ, ಎಪ್ಪತ್ತೊಂದು ಬರದೀನಿ ನೋಡ್ರಿ, ಕಡಿಮಿ ಆಗ್ತೈತಲ್ಲ?” ಒಳಗಿದ್ದ ಹುಡುಗ ಮೆತ್ತಗೆ ಹೇಳಿದ: “ಇಲ್ಲ ಅಜ್ಜಾ, ಅದು ಈಗಿಲ್ಲ. ಕೆಳಗಿನ ಬರ್ತ್ ನೋಡಿ ಹಾಕ್ತೀನಿ.” ಹಿರಿಯರು ಒಳಜೇಬಿನಿಂದ ಮತ್ತೆರಡು ನೋಟು ತೆಗೆದು ಕಿಂಡಿಯೊಳಗೆ ತಳ್ಳಿದರು. ಈಗ ಉಳಿದಿರುವುದು ಅಂಗವಿಕಲರಿಗೆ, ಕೆಲವು ಕಾಯಿಲೆಗಳ ರೋಗಿಗಳಿಗೆ ಮತ್ತು ವಿದ್ಯಾರ್ಥಿಗಳಿಗೆ ಸಿಗುವ ರಿಯಾಯಿತಿ. ವಿದ್ಯಾರ್ಥಿಗಳದ್ದು ಮತ್ತಿಕೆರೆಗೆ ಬಹಳ ಬೇಕಾದದ್ದು. ಊರಿಗೆ ಹೋಗಿ ಬರಲು ಜನರಲ್ ಮತ್ತು ಸ್ಲೀಪರ್ ದರದಲ್ಲಿ ಅರ್ಧ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮುಕ್ಕಾಲು ಪಾಲು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಸಂಶೋಧನೆ ಮಾಡುವವರಿಗೆ 35 ವರ್ಷದವರೆಗೂ ಸಿಗುತ್ತದೆ. ಕಾಲೇಜಿನಿಂದ ನಮೂನೆಯ ಪತ್ರ ತಂದು ಕೌಂಟರಿನಲ್ಲೇ ಕೊಳ್ಳಬೇಕು. ಆ್ಯಪ್‌ನಲ್ಲಿ ಇಲ್ಲದ್ದನ್ನು ಹೊಸ ಹುಡುಗರು ಇಲ್ಲವೇ ಇಲ್ಲ ಎಂದುಕೊಂಡಿದ್ದಾರೆ. ಅವರಿಗೆ ಕಾಲೇಜುಗಳೇ ಹೇಳಬೇಕು.

ಪ್ರಯಾಣದ ವೆಚ್ಚದಲ್ಲಿ ಶೇ 57 ಮಾತ್ರ ನಿಮ್ಮಿಂದ ವಸೂಲಾಗುತ್ತಿದೆ ಎಂದು ರೈಲ್ವೆ ಟಿಕೆಟ್ಟಿನ ಮೇಲೇ ಮುದ್ರಿಸಿದ್ದುಂಟು. ಉಳಿದದ್ದನ್ನು ಸರಕು ಸಾಗಣೆಯ ಆದಾಯ ತುಂಬುತ್ತದೆ. ಆ ಸಾಲು ಓದಿದಾಗಲೆಲ್ಲ ನನಗೆ ಅನಿಸುವುದು, ಇದು ಜನರಿಗೆ ನೆನಪಿಸಬೇಕಾದ ಸಾಲವಲ್ಲ, ಈ ದೇಶ ತಿಳಿದೇ ಮಾಡಿದ ಒಳ್ಳೆಯ ಆಯ್ಕೆ. 1970ರ ದಶಕದಲ್ಲಿ ಮೂರನೇ ದರ್ಜೆ ತೆಗೆದುಹಾಕಿದ್ದೂ, ಮಧು ದಂಡವತೆ ರೈಲ್ವೆ ಸಚಿವರಾಗಿದ್ದಾಗ ಎರಡನೇ ದರ್ಜೆಯ ಮರದ ಬರ್ತ್‌ಗೆ ಮೆತ್ತೆ ಹಾಕಿಸಿದ್ದೂ ಇದೇ ಆಯ್ಕೆಯ ಭಾಗ. ಬೆಂಗಳೂರು ಉತ್ತರದ ಸಂಸದರಾಗಿದ್ದ ಸಿ.ಕೆ. ಜಾಫರ್ ಷರೀಫ್ 1991ರಿಂದ 95ರವರೆಗೆ ರೈಲ್ವೆ ಸಚಿವರಾಗಿ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ಕೆಲಸಕ್ಕೆ ಕೈ ಹಾಕದಿದ್ದರೆ 1884ರ ತುಮಕೂರು ಲೈನಿನ ಮೇಲೆ ಇಷ್ಟು ಊರುಗಳಿಗೆ ನೇರ ರೈಲು ಯಶವಂತಪುರಕ್ಕೆ ಬರುತ್ತಿರಲಿಲ್ಲ.

ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ 2016ರ ಸೆಪ್ಟೆಂಬರ್‌ನಲ್ಲಿ ಏರುವ ದರ ಬಂತು. ಯಶವಂತಪುರದಿಂದ ದೆಹಲಿಗೆ ಹೋಗುವ ದುರಂತೊ ಕೂಡ ಆ ಗುಂಪಿನದು. ಧಾರವಾಡದ ವಂದೇ ಭಾರತ್ 2023ರ ಜೂನ್‌ನಲ್ಲಿ ಶುರುವಾಯಿತು. ಚೆನ್ನಾಗಿದೆ, ಬೇಗ ಹೋಗುತ್ತದೆ, ಯಶವಂತಪುರದಲ್ಲೂ ನಿಲ್ಲುತ್ತದೆ. ಹುಬ್ಬಳ್ಳಿಗೆ ಚೇರ್ ಕಾರ್ ಟಿಕೆಟ್ ಸಾವಿರ ರೂಪಾಯಿ ದಾಟುತ್ತದೆ. ಕೊಡಬಲ್ಲವರು ಹೋಗಲಿ, ಅದರಲ್ಲಿ ತಪ್ಪಿಲ್ಲ. ಆದರೆ ಹಳಿಯ ಮೇಲಿನ ಜಾಗ ಮಿತಿಯಾದದ್ದು. 2025ರಲ್ಲಿ ಎರಡು ಸಲ, ಜುಲೈನಲ್ಲೂ ಡಿಸೆಂಬರ್‌ನಲ್ಲೂ, ಕಿಲೋಮೀಟರಿಗೆ ಒಂದೆರಡು ಪೈಸೆ ದರ ಏರಿದಾಗ ಊರೆಲ್ಲ ಸುದ್ದಿಯಾಯಿತು. ಹತ್ತು ರೂಪಾಯಿ ಏರಿಕೆ ಜನ ಹೇಗೋ ತಾಳಿಕೊಳ್ಳುತ್ತಾರೆ. ಮುನ್ನೂರರ ಸೀಟು ಸಿಗದೆ ಸಾವಿರದೈನೂರರ ಬಸ್ಸು ಹತ್ತುವುದನ್ನು ತಾಳಿಕೊಳ್ಳುವುದು ಹೇಗೆ? 2023ರ ಡಿಸೆಂಬರ್ 30ರಂದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಮಾಲ್ಡಾಕ್ಕೆ ಹೊರಟ ಅಮೃತ ಭಾರತ್ ರೈಲಿನಲ್ಲಿ ಎಸಿ ಬೋಗಿಗಳೇ ಇಲ್ಲ, ಎಲ್ಲ ಸ್ಲೀಪರ್ ಮತ್ತು ಜನರಲ್. ಬಂಗಾಳದ ಕೂಲಿಕಾರ್ಮಿಕರಿಗೆ ಸಿಕ್ಕ ಆ ರೈಲಿನಂಥದ್ದು ಬೀದರ್, ಬೆಳಗಾವಿ, ವಿಜಯಪುರದ ಕಡೆಗೂ ಬೇಕು.

ಯಶವಂತಪುರ ನಿಲ್ದಾಣಕ್ಕೆ ಸುಮಾರು 375 ಕೋಟಿ ರೂಪಾಯಿಯ ಮರುನಿರ್ಮಾಣಕ್ಕೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದೇ ದಿನ ಉಪನಗರ ರೈಲಿಗೂ ಆಯಿತು. ಅದರ ಮಲ್ಲಿಗೆ ಮಾರ್ಗ ಬೈಯಪ್ಪನಹಳ್ಳಿಯಿಂದ ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿ, ಯಶವಂತಪುರದ ಮೇಲೆ ಚಿಕ್ಕಬಾಣಾವರದವರೆಗೆ 25 ಕಿಲೋಮೀಟರ್. ನಗರದೊಳಗೆ ಓಡಾಡುವವರಿಗೆ ಬೇರೆ ಹಳಿ ಸಿಕ್ಕ ಮೇಲೆ ಹಳೆಯ ಹಳಿಯಲ್ಲಿ ದೂರದ ರೈಲುಗಳಿಗೆ ಒಂದಷ್ಟು ಹೊತ್ತು ಬಿಡುವು ಸಿಗುತ್ತದೆ. ಆ ಹೊತ್ತನ್ನು ಯಾವ ರೈಲಿಗೆ ಕೊಡುತ್ತಾರೆ ಎಂಬುದನ್ನು ತೀರ್ಮಾನಿಸುವುದು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಯಲ್ಲಿ ಮತ್ತು ದೆಹಲಿಯಲ್ಲಿ. ಬೆಳಿಗ್ಗೆ ಯಶವಂತಪುರ ಬಿಟ್ಟು ಮಧ್ಯಾಹ್ನ ಊಟದ ಹೊತ್ತಿಗೆ ದಾವಣಗೆರೆ, ಸಂಜೆಗೆ ಹುಬ್ಬಳ್ಳಿ ಮುಟ್ಟುವ, ಪೂರ್ತಿ ಜನರಲ್ ಮತ್ತು ಎರಡನೇ ದರ್ಜೆಯ ಸೀಟುಗಳಿರುವ ಇನ್ನೊಂದು ರೈಲನ್ನು, ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ವಾಪಸಾಗುವ ಸ್ಲೀಪರ್ ರೈಲುಗಳನ್ನು ನಮ್ಮ ಸಂಸದರು, ಪ್ರಯಾಣಿಕರ ಸಂಘಗಳು ಈಗಿನಿಂದಲೇ ಲಿಖಿತವಾಗಿ ಕೇಳಬೇಕು. ವೇಳಾಪಟ್ಟಿ ಅಚ್ಚಾದ ಮೇಲೆ ಕೇಳಿದರೆ ಜಾಗ ಇಲ್ಲ ಎಂಬ ಉತ್ತರ ಬರುತ್ತದೆ.